ಹೊಸ ಬಾಸ್ ಬೋಟು ಬಂತು, ಈಗೇನು? ಮೊದಲ 20 ಗಂಟೆ ಹೆಂಗೆ ಓಡಿಸ್ಬೇಕು, ಏನೇನು ನೋಡ್ಬೇಕು

ಹೊಸ ಬಾಸ್ ಬೋಟು (ಬಾಸ್ ಅನ್ನೋ ಮೀನು ಹಿಡಿಯಕ್ಕಂತ ಮಾಡಿರೋ ಬೋಟು) ತಗೊಂಡು ಮೊದಲನೇ ಸಲ ನೀರಿಗಿಳಿಸಿ ವಾಪಸ್ ಬಂದ್ರೆ ಸಾಕು, ಸಿಕ್ಕೋರೆಲ್ಲ ಕೇಳೋದು ಎರಡೇ ಪ್ರಶ್ನೆ, ಎಷ್ಟು ಸ್ಪೀಡ್ ಹೋಗತ್ತೆ, ಮೀನು ಬಿತ್ತಾ. ಎರಡಕ್ಕೂ ಆಗ್ಲೇ ಉತ್ತರ ಕೊಡಕ್ಕೆ ಹೋಗ್ಬೇಡಿ. ಮೊದಮೊದಲು ನಿಮ್ಮ ಅನುಭವಕ್ಕೆ ಬರೋದು ಬೋಟಿನ ಗುಣ ಅಲ್ಲ, ಅಂಗಡಿಲಿ ಯಾರೋ ಜೋಡಿಸಿ ಕಳಿಸಿರೋ ಸೆಟಪ್ಪಿನ ಗುಣ. ಮೋಟರ್ ಎಷ್ಟು ಎತ್ತರಕ್ಕೆ ಕೂತಿದೆ, ಪ್ರಾಪ್ (ನೀರಲ್ಲಿ ತಿರುಗಿ ಬೋಟು ತಳ್ಳೋ ಪ್ರೊಪೆಲ್ಲರ್) ಯಾವ್ದು, ಬ್ಯಾಟರಿ ಎಲ್ಲಿಟ್ಟಿದಾರೆ, ಟ್ಯಾಂಕಲ್ಲಿ ಎಷ್ಟು ಪೆಟ್ರೋಲಿದೆ, ಲೈವ್‌ವೆಲ್ (ಹಿಡಿದ ಮೀನು ಜೀವಂತ ಇಡೋ ನೀರಿನ ತೊಟ್ಟಿ) ತುಂಬಿದ್ಯಾ ಖಾಲಿನಾ, ಇದರಲ್ಲಿ ಒಂದು ಆಚೀಚೆ ಆದ್ರೂ ಅದೇ ಬೋಟು ಬೇರೆ ಥರ ಓಡತ್ತೆ. ಹಂಗಾಗಿ ನನ್ನ ಸಲಹೆ ಸಿಂಪಲ್ಲು, ಮೊದಲ 20 ಗಂಟೆ ಬೋಟ್ ಕಲಿಯಕ್ಕೆ ಇಡಿ, ಒಂದೆರಡು ರಾಡ್ ಜೊತೇಲಿರ್ಲಿ ಪರವಾಗಿಲ್ಲ, ಆದ್ರೆ ಮೀನು ಹಿಡಿಯೋದು ಎರಡನೇ ಕೆಲಸ.

ನಂದು 20 ಅಡಿ ಫೈಬರ್‌ಗ್ಲಾಸ್ ಹಲ್ (ಬೋಟಿನ ಮೈ), ಹಿಂದೆ 225 ಎಚ್‌ಪಿ ಫೋರ್ ಸ್ಟ್ರೋಕ್, ಮುಂದೆ 36 ವೋಲ್ಟ್ ಟ್ರೋಲಿಂಗ್ ಮೋಟರ್ (ಮೀನು ಹಿಡಿಯುವಾಗ ನಿಧಾನಕ್ಕೆ ಸರಿಯಕ್ಕೆ ಬಳಸೋ ಬ್ಯಾಟರಿ ಮೋಟರ್). ನಿಮ್ಮದು 17 ಅಡಿ ಅಲ್ಯೂಮಿನಿಯಂ ಆದ್ರೆ ಕೆಳಗೆ ಬರೆದಿರೋ ಹೈಸ್ಪೀಡ್ ವಿಷಯ ಅಷ್ಟಾಗಿ ಬೇಕಾಗಲ್ಲ, ಬಾಕಿದೆಲ್ಲ ಅದೇ.

ಮೊದ್ಲು ನೀರಿಗೆ ಹೋಗೋ ಮುಂಚಿನ ಕೆಲಸ. ಬೋಟು ಟ್ರೇಲರ್ ಮೇಲಿರುವಾಗ್ಲೇ ಒಂದು ಸಂಜೆ ಪೂರ್ತಿ ಇದಕ್ಕೆ ಕೊಡಿ. ಪ್ರತಿ ಮುಚ್ಚಳ ತೆಗೀರಿ, ಪ್ರತಿ ಸ್ವಿಚ್ ಒತ್ತಿ ನೋಡಿ. ಬಿಲ್ಜ್ ಪಂಪ್ ಸ್ವಿಚ್ ಹಾಕಿದ್ರೆ ಮೋಟರ್ ಸದ್ದು ಬರ್ಬೇಕು, ಅಷ್ಟಕ್ಕೆ ಬಿಡಬೇಡಿ, ಡ್ರೈನ್ ಪ್ಲಗ್ ಹಾಕಿ ಹಿಂದೆ ಒಂದು ಬಕೆಟ್ ನೀರು ಸುರಿದು ಅದು ನಿಜವಾಗ್ಲೂ ಹೊರಗೆ ಬರತ್ತಾ, ಆಟೋಮ್ಯಾಟಿಕ್ ಫ್ಲೋಟ್ ಸ್ವಿಚ್ ಇದ್ರೆ ತಾನಾಗೇ ಆನ್ ಆಗತ್ತಾ ನೋಡಿ. ಆಮೇಲೆ ಬ್ಯಾಟರಿ ಟರ್ಮಿನಲ್ ಎಲ್ಲ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಕೈಯಲ್ಲಿ ಅಲ್ಲಾಡತ್ತೆ ಅಂದ್ರೆ ಅಲೆಲಿ ಖಂಡಿತ ಬಿಚ್ಕೊಳತ್ತೆ. ವಿಂಗ್ ನಟ್ ಹಾಕಿದ್ರೆ ತೆಗೆದು ನೈಲಾನ್ ಇರೋ ಲಾಕ್ ನಟ್ ಹಾಕಿ, ವಿಂಗ್ ನಟ್‌ನ ಬೆರಳಲ್ಲಿ ಎಷ್ಟೇ ಬಿಗಿ ಮಾಡಿದ್ರೂ ಅದು ನಿಲ್ಲೋದು ಡೌಟು.

ಕಿಲ್ ಸ್ವಿಚ್ ದಾರ ಇರತ್ತಲ್ಲ, ಅದನ್ನ ಸುಮ್ನೆ ನೋಡಿ ಬಿಡೋದಲ್ಲ, ಮೊದಲನೇ ದಿನ ನೀರಲ್ಲಿ ಐಡಲ್‌ನಲ್ಲಿ ಇರುವಾಗ ಎಳೆದು ಮೋಟರ್ ನಿಲ್ಲತ್ತಾ ಅಂತ ಖಾತ್ರಿ ಮಾಡ್ಕೊಳಿ. ಈ ಬೋಟುಗಳ ತವರು ಅಮೆರಿಕ, ಅಲ್ಲಿ 2021ರ ಏಪ್ರಿಲ್ 1ರಿಂದ 26 ಅಡಿಗಿಂತ ಚಿಕ್ಕ ಮೋಟರ್ ಬೋಟುಗಳು ಪ್ಲೇನ್ ಆಗಿ, ಅಂದ್ರೆ ಮೇಲೆದ್ದು ನೀರಿನ ಮೇಲೆ ಜಾರ್ಕೊಂಡು, ಓಡ್ತಿರುವಾಗ ಈ ಸ್ವಿಚ್ ಹಾಕ್ಕೊಂಡಿರೋದು ಫೆಡರಲ್ ಕಾನೂನೇ ಆಗಿದೆ. ಕಾನೂನು ಇರ್ಲಿ ಬಿಡ್ಲಿ, ಓಡಿಸೋನು ಎಗರಿ ನೀರಿಗೆ ಬಿದ್ಮೇಲೆ ಸ್ಟೇರಿಂಗ್ ಹಿಡಿಯೋರಿಲ್ಲದ ಬೋಟು ಅದೇ ಜಾಗಕ್ಕೆ ಸುತ್ತು ಹೊಡ್ಕೊಂಡು ವಾಪಸ್ ಬರತ್ತೆ, ಪ್ರಾಪ್ ತಿರುಗ್ತಾನೇ ಇರತ್ತೆ. ದಾರನ ಲೈಫ್ ಜಾಕೆಟ್‌ಗೆ ಸಿಗಿಸ್ಕೊಳಿ, ಪ್ಯಾಂಟ್ ಜೇಬಿಗಲ್ಲ.

ಟ್ರೇಲರ್ ವಿಷಯ ತುಂಬಾ ಜನ ಮರೀತಾರೆ, ಬೋಟಿನ ಜೊತೆ ಫ್ರೀಯಾಗಿ ಬಂದಿರೋದು ಅನ್ನೋ ಥರ ನೋಡ್ತಾರೆ. ಹೊಸ ವೀಲ್‌ನ ಲಗ್ ನಟ್ ಮೊದಲ ಓಟದಲ್ಲಿ ಸ್ವಲ್ಪ ಸಡಿಲ ಆಗೋದು ಮಾಮೂಲಿ, ಅದಕ್ಕೇ 10, 25, 50 ಮೈಲಿ ಆದ್ಮೇಲೆ ನಿಲ್ಲಿಸಿ ಟಾರ್ಕ್ ರೆಂಚಲ್ಲಿ ಮತ್ತೆ ಬಿಗಿ ಮಾಡಿ ಅಂತಾರೆ. ನಿಲ್ಲಿಸಿದಾಗೆಲ್ಲ ಚಕ್ರದ ನಡುವಿನ ಹಬ್ ಮೇಲೆ ಕೈ ಇಟ್ಟು ನೋಡಿ, ಮೊದ್ಲು ಕೈ ಹತ್ರ ತಗೊಂಡ್ ಹೋಗಿ ಆಮೇಲೆ ಮುಟ್ಟಿ. ಬೆಚ್ಚಗಿದ್ರೆ ಸರಿ, ಎಲ್ಲಾ ಹಬ್ಬೂ ಒಂದೇ ಥರ ಬೆಚ್ಚಗಿರ್ಬೇಕು ಅನ್ನೋದು ಮುಖ್ಯ. ಒಂದು ಮಾತ್ರ ಕೈ ಇಡಕ್ಕಾಗದಷ್ಟು ಸುಡ್ತಿದೆ ಅಂದ್ರೆ ಬೇರಿಂಗ್ ಅತಿಯಾಗಿ ಬಿಗಿ ಇದೆ, ಇಲ್ಲ ಗ್ರೀಸ್ ಕಮ್ಮಿ ಇದೆ, ಇಲ್ಲ ಬ್ರೇಕ್ ಹಿಡ್ಕೊಂಡಿದೆ. ಆಯಿಲ್ ಹಬ್ ಆದ್ರೆ ಮುಂದೆ ಗಾಜಿನ ಕಿಟಕಿ ಥರ ಇರತ್ತೆ, ಒಳಗೆ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ ಅಂತ. ದೂರ ಓಡಿಸ್ಕೊಂಡು ಬಂದ ತಕ್ಷಣ ಬಿಸಿ ಹಬ್ಬನ್ನ ತಣ್ಣೀರಿಗೆ ಇಳಿಸ್ಬೇಡಿ, ಒಳಗಿರೋ ಬಿಸಿ ಗಾಳಿ ಒಂದೇ ಸಲ ಕುಗ್ಗಿ ಸೀಲ್ ಸಂದಿಯಿಂದ ನೀರನ್ನ ಒಳಗೆ ಎಳ್ಕೊಳತ್ತೆ. ಪಾರ್ಕಿಂಗಲ್ಲಿ ಸ್ಟ್ರಾಪ್ ಬಿಚ್ಚಿ ಸಾಮಾನು ಜೋಡಿಸೋ ಹೊತ್ತಿಗೆ ಅದು ತಣ್ಣಗಾಗಿರತ್ತೆ.

ರ‍್ಯಾಂಪ್ (ಬೋಟು ನೀರಿಗಿಳಿಸೋ ಇಳಿಜಾರು) ಹತ್ರ ಹೋದ್ಮೇಲೆ ಒಂದೇ ಕ್ರಮ ಇಟ್ಕೊಳಿ, ಯಾರೇ ಮಾತಾಡಿಸಿದ್ರೂ ಅದನ್ನ ಬಿಡಬೇಡಿ. ಡ್ರೈನ್ ಪ್ಲಗ್, ಹಿಂದಿನ ಸ್ಟ್ರಾಪು, ಟ್ರಾನ್ಸಮ್ ಸೇವರ್ (ಟ್ರೇಲರ್ ಮೇಲೆ ಮೋಟರಿಗೆ ಆಸರೆ ಕೊಡೋ ಕಂಬಿ; ಟ್ರಾನ್ಸಮ್ ಅಂದ್ರೆ ಮೋಟರ್ ಕೂತಿರೋ ಬೋಟಿನ ಹಿಂಗೋಡೆ), ಮೋಟರ್ ಮೇಲಕ್ಕಿದ್ಯಾ, ಕೀ ಬೋಟಲ್ಲಿದ್ಯಾ, ಕಿಲ್ ಸ್ವಿಚ್. ಮುಂದಿನ ವಿಂಚ್ ಸ್ಟ್ರಾಪ್ ಮಾತ್ರ ಹಿಂಚಕ್ರ ನೀರಿಗೆ ಹೋಗೋವರೆಗೂ ಬಿಚ್ಚಬೇಡಿ, ಫೈಬರ್‌ಗ್ಲಾಸ್ ಬೋಟು ಹೊಸ ಬಂಕ್ (ಟ್ರೇಲರ್ ಮೇಲೆ ಬೋಟು ಕೂರೋ ಹಲಗೆ) ಕಾರ್ಪೆಟ್ ಮೇಲೆ ಒದ್ದೆ ಆದ ತಕ್ಷಣ ಸರ್ರಂತ ಜಾರತ್ತೆ, ಕಾಂಕ್ರೀಟ್ ಮೇಲೆ ಬಿದ್ರೆ ಆ ಸದ್ದು ಇಡೀ ಜಾಗಕ್ಕೆ ಕೇಳತ್ತೆ. ಪ್ಲಗ್ ಹೋದ ಸಲ ಹಾಕಿದ್ದೆ ಅನ್ನೋ ನೆನಪನ್ನ ನಂಬಬೇಡಿ, ಪ್ರತಿ ಸಲ ಬಗ್ಗಿ ಕೈಯಲ್ಲಿ ಮುಟ್ಟಿ ನೋಡಿ.

ಈಗ ಮೋಟರ್ ಬ್ರೇಕ್-ಇನ್, ಅಂದ್ರೆ ಹೊಸ ಮೋಟರನ್ನ ಹದಕ್ಕೆ ತರೋ ಓಟ. ಇದರ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ಕೊನೆಗೆ ನಿಮ್ಮ ಮೋಟರ್ ಮ್ಯಾನ್ಯುಯಲ್ ಹೇಳಿದ್ದೇ ಫೈನಲ್. ಆದ್ರೆ ಫೋರ್ ಸ್ಟ್ರೋಕ್ ಔಟ್‌ಬೋರ್ಡಲ್ಲಿ (ಬೋಟಿನ ಹಿಂದೆ ಹೊರಗೆ ಕೂರೋ ಮೋಟರ್) ಸಾಮಾನ್ಯವಾಗಿ ಹತ್ತು ಗಂಟೆಯ ಲೆಕ್ಕ ಇರತ್ತೆ. ಮೊದಲ ಗಂಟೆ ಅರ್ಧ ಥ್ರಾಟಲ್ ದಾಟಬಾರದು, ಎರಡನೇ ಗಂಟೆ ಮುಕ್ಕಾಲರವರೆಗೆ, ಆಮೇಲಿನ ಎಂಟು ಗಂಟೆ ಫುಲ್ ಥ್ರಾಟಲ್ ಕೊಡಬಹುದು ಆದ್ರೆ ಒಂದೇ ಸಲಕ್ಕೆ ಐದು ನಿಮಿಷ ಮೀರದ ಹಾಗೆ. ಇದರ ಹಿಂದಿರೋ ಕಾರಣ ಗೊತ್ತಿದ್ರೆ ರೂಲ್ಸ್ ಬಾಯಿಪಾಠ ಮಾಡೋ ಅವಶ್ಯಕತೆ ಇಲ್ಲ. ಪಿಸ್ಟನ್ ರಿಂಗ್‌ಗಳು ಸಿಲಿಂಡರ್ ಗೋಡೆಗೆ ಸವೆದು ಸರಿಯಾಗಿ ಕೂರ್ಬೇಕು, ಅದಕ್ಕೆ ಲೋಡ್ ಬೇಕು, ಅದೂ ಏರಿಳಿತ ಇರೋ ಲೋಡ್. ಒಂದೇ ಆರ್‌ಪಿಎಂನಲ್ಲಿ ಗಂಟೆಗಟ್ಲೆ ಓಡಿಸೋದೂ ಸರಿ ಅಲ್ಲ, ಪಾಪ ಹೊಸ ಮೋಟರ್ ಅಂತ ಮುದ್ದು ಮಾಡಿ ಐಡಲ್‌ನಲ್ಲೇ ಬಿಡೋದು ಇನ್ನೂ ತಪ್ಪು. ತುಂಬಾ ಹೊತ್ತು ಐಡಲ್ ಮಾಡಿದ್ರೆ ರಿಂಗ್ ಕೂರಲ್ಲ, ಸುಡದೇ ಉಳಿದ ಪೆಟ್ರೋಲ್ ಇಳಿದು ಎಣ್ಣೆ ಸೇರ್ಕೊಳತ್ತೆ. ಅದಕ್ಕೇ ಮೊದಲ ಕೆಲವು ಸಲ ಓಡಿಸಿ ಬಂದ್ಮೇಲೆ ಡಿಪ್‌ಸ್ಟಿಕ್ ತೆಗೆದು ನೋಡಿ, ಎಣ್ಣೆ ಮಟ್ಟ ಕಮ್ಮಿ ಆಗಿದ್ಯಾ ಅಂತ ಎಲ್ರೂ ನೋಡ್ತಾರೆ, ಜಾಸ್ತಿ ಆಗಿದ್ಯಾ ಅಂತಾನೂ ನೋಡ್ಬೇಕು, ಮೂಸಿದ್ರೆ ಪೆಟ್ರೋಲ್ ವಾಸನೆ ಬರ್ತಿದೆ ಅಂದ್ರೆ ಸರ್ವಿಸ್‌ನವರಿಗೆ ಹೇಳಿ.

ಅರ್ಧ ಥ್ರಾಟಲ್ ಮಿತಿ ಇದೆ ಅಂತ ಬೋಟನ್ನ ಪ್ಲೇನ್ ಆಗದೇ ಮೂತಿ ಎತ್ಕೊಂಡು ಹಂಗೇ ನೀರು ಉಳುಮೆ ಮಾಡ್ಕೊಂಡು ಹೋಗೋ ಸ್ಪೀಡಲ್ಲಿ ಓಡಿಸ್ಬೇಡಿ. ಅದು ಮೋಟರಿಗೆ ಹೆಚ್ಚು ಭಾರ, ಮುಂದೇನೂ ಕಾಣಲ್ಲ, ಹಿಂದೆ ದೊಡ್ಡ ಅಲೆ ಬೇರೆ. ಸ್ವಲ್ಪ ಜಾಸ್ತಿ ಥ್ರಾಟಲ್ ಕೊಟ್ಟು ಪ್ಲೇನಿಗೆ ತಂದು ತಕ್ಷಣ ಕಮ್ಮಿ ಮಾಡಿ. ಹೆಚ್ಚಿನ ಮ್ಯಾನ್ಯುಯಲ್‌ಗಳು ಪ್ಲೇನ್ ಆಗೋಷ್ಟು ಹೊತ್ತಿಗೆ ಇದನ್ನ ಒಪ್ತವೆ.

ಟ್ರಿಮ್ (ಓಡ್ತಿರುವಾಗ ಸ್ವಿಚ್ಚಲ್ಲಿ ಮೋಟರನ್ನ ಮೇಲೆ ಕೆಳಗೆ ಓರೆ ಮಾಡೋದು) ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಬಾಸ್ ಬೋಟು ಬೇರೆ ಬೋಟಿಗಿಂತ ಬೇರೆ ಅನ್ಸೋದೇ ಇಲ್ಲಿ. ಬೋಟಿನ ತಳದ ಹಿಂಭಾಗದಲ್ಲಿ ಮಧ್ಯಕ್ಕೆ ಒಂದು ಚಪ್ಪಟೆ ಪಟ್ಟಿ ಇರತ್ತೆ, ಅದಕ್ಕೆ ಪ್ಯಾಡ್ ಅಂತಾರೆ. ಹೊರಡುವಾಗ ಟ್ರಿಮ್ ಪೂರ್ತಿ ಕೆಳಗೆ, ಪ್ಲೇನ್ ಆದ್ಮೇಲೆ ಬೆರಳಲ್ಲಿ ಟಿಕ್ ಟಿಕ್ ಅಂತ ಸಣ್ಣ ಸಣ್ಣದಾಗಿ ಮೇಲಕ್ಕೆ. ಪ್ರತಿ ಟಿಕ್ಕಿಗೂ ಮೂತಿ ಸ್ವಲ್ಪ ಏಳತ್ತೆ, ಸ್ಟೇರಿಂಗ್ ಹಗುರ ಆಗತ್ತೆ, ಅದೇ ಥ್ರಾಟಲ್‌ನಲ್ಲಿ ಜಿಪಿಎಸ್ ಸ್ಪೀಡ್ ಒಂದೊಂದೇ ಮೈಲಿ ಏರತ್ತೆ. ಒಂದು ಹಂತದಲ್ಲಿ ಸ್ಪೀಡ್ ಏರೋದು ನಿಂತು ಆರ್‌ಪಿಎಂ ಮಾತ್ರ ಏರತ್ತೆ, ಅಲ್ಲಿಗೆ ಸಾಕು, ಒಂದು ಟಿಕ್ ಕೆಳಗೆ ತನ್ನಿ. ಮೂತಿ ಮೇಲೆ ಕೆಳಗೆ ಕುಣಿಯಕ್ಕೆ ಶುರು ಮಾಡಿದ್ರೆ ಅದು ಪೋರ್ಪಾಯ್ಸಿಂಗ್, ಆ ಸ್ಪೀಡಿಗೆ ಟ್ರಿಮ್ ಜಾಸ್ತಿ ಆಯ್ತು ಅಂತ ಅರ್ಥ, ಕೆಳಗೆ ತಂದ್ರೆ ನಿಲ್ಲತ್ತೆ.

ಇನ್ನೂ ಸ್ಪೀಡ್ ಹೋದ್ರೆ ಇಡೀ ಬೋಟು ನೀರು ಬಿಟ್ಟು ಆ ಪ್ಯಾಡ್ ಮೇಲೆ ಮಾತ್ರ ನಿಂತು ಓಡತ್ತೆ. ಆಗ ಎಡಕ್ಕೊಂದ್ಸಲ ಬಲಕ್ಕೊಂದ್ಸಲ ವಾಲಕ್ಕೆ ಶುರು ಆಗತ್ತೆ, ಇದೇ ಚೈನ್ ವಾಕ್ (ಇಲ್ಲಿ ಚೈನ್ ಅಂದ್ರೆ ಸರಪಳಿ ಅಲ್ಲ, ಬೋಟಿನ ತಳದ ಬದಿ ಅಂಚು). ಮೊದಲನೇ ಸಲ ಅನುಭವ ಆದಾಗ ಏನೋ ಮುರಿದೋಯ್ತು ಅನ್ಸತ್ತೆ, ಏನೂ ಮುರಿದಿರಲ್ಲ, ಕಿರಿದಾದ ಪಟ್ಟಿ ಮೇಲೆ ಭಾರ ಬ್ಯಾಲೆನ್ಸ್ ಆಗ್ತಿರೋದು ಅಷ್ಟೇ, ಸೈಕಲ್ ಕಲಿಯೋ ಹುಡುಗನ ಹ್ಯಾಂಡಲ್ ಥರ. ತಪ್ಪು ಆಗೋದು ಎಲ್ಲಿ ಅಂದ್ರೆ ಬೋಟು ವಾಲಿದ್ಮೇಲೆ ಸ್ಟೇರಿಂಗನ್ನ ಜೋರಾಗಿ ಎದುರು ಕಡೆಗೆ ತಿರುಗಿಸೋದು, ಅಷ್ಟೊತ್ತಿಗೆ ಬೋಟು ತಾನೇ ವಾಪಸ್ ಬರ್ತಿರತ್ತೆ, ನಿಮ್ಮ ತಿರುವೂ ಸೇರಿ ಎರಡರಷ್ಟು ವಾಲತ್ತೆ. ಗಾಬರಿ ಆಗಿ ಕಾಲನ್ನ ಥ್ರಾಟಲ್ ಪೆಡಲ್ ಅಂದ್ರೆ ಹಾಟ್‌ಫುಟ್ಟಿಂದ ಫಟ್ಟಂತ ತೆಗೆಯೋದೂ ಒಳ್ಳೇದಲ್ಲ, ಮೂತಿ ಒಂದೇ ಸಲ ಕೆಳಗೆ ಬಿದ್ದು ಬೋಟು ಒಂದು ಕಡೆಗೆ ಎಳೀಬಹುದು. ಥ್ರಾಟಲ್ ನಿಧಾನಕ್ಕೆ ಇಳಿಸಿ, ಟ್ರಿಮ್ ಸ್ವಲ್ಪ ಕೆಳಗೆ, ಸ್ಟೇರಿಂಗ್ ನೇರ. ಅದನ್ನ ಓಡಿಸ್ತಾನೇ ಸರಿ ಮಾಡೋ ಕಲೆ ಆಮೇಲೆ ಬರತ್ತೆ, ಅವಸರ ಇಲ್ಲ. ಮುಂಚೆ ಸ್ಟೇರಿಂಗ್ ಒಂದ್ಸಲ ಚೆಕ್ ಮಾಡಿ, ಹೈಡ್ರಾಲಿಕ್ ಸ್ಟೇರಿಂಗಲ್ಲಿ ಗಾಳಿ ಸೇರಿದ್ರೆ ಚಕ್ರ ಸ್ವಲ್ಪ ತಿರುಗಿಸಿದ್ರೂ ಮೋಟರ್ ಅಲ್ಲಾಡಲ್ಲ, ಆ ಆಟ ಇಟ್ಕೊಂಡು ಹೈಸ್ಪೀಡಲ್ಲಿ ಬೋಟು ನೇರ ಇಡಕ್ಕೆ ಆಗೋದೇ ಇಲ್ಲ, ನೀವೆಷ್ಟೇ ಚೆನ್ನಾಗಿ ಓಡಿಸಿದ್ರೂ. ಹೊಸ ಬೋಟಲ್ಲಿ ಇದು ಕಾಣಿಸ್ಕೊಳೋದು ಅಪರೂಪ ಅಲ್ಲ, ಗಾಳಿ ತೆಗೆದು ಎಣ್ಣೆ ತುಂಬಿಸೋ ಕೆಲಸ, ವಾರಂಟಿಲೇ ಆಗತ್ತೆ.

ಅಲೆ ಇರೋ ದಿನದ ಬಗ್ಗೆ ಎರಡು ಮಾತು. 1948ರಲ್ಲಿ ಹೋಮ್ಸ್ ಥರ್ಮಂಡ್ ಅನ್ನೋರು ಲೂಸಿಯಾನಾದಲ್ಲಿ ಪ್ಲೈವುಡ್‌ನಿಂದ ಮೊದಲ ಸ್ಕೀಟರ್ ಬ್ರಾಂಡ್ ಬಾಸ್ ಬೋಟು ಮಾಡಿದಾಗ್ಲೂ ಐಡಿಯಾ ಇದೇ ಆಗಿತ್ತು, ನೀರಿಗೆ ಹತ್ತಿರವಾಗಿ ತಗ್ಗಾಗಿರೋ ಬೋಟು. ಇವತ್ತಿನ ಮಿಂಚೋ ಬೋಟುಗಳ ಅಂಚೂ ತಗ್ಗೇ. ತಗ್ಗಿದ್ರೆ ಗಾಳಿ ಹಿಡಿಯಲ್ಲ, ನಿಂತು ಗಾಳ ಎಸೆಯಕ್ಕೆ ಚೆಂದ, ಆದ್ರೆ ನೀರು ಒಳಗೆ ಬರಕ್ಕೂ ಸುಲಭ. ಸ್ಪೀಡಲ್ಲಿ ಬಂದು ಒಂದೇ ಸಲ ನಿಲ್ಲಿಸಿದ್ರೆ ನಿಮ್ಮದೇ ಅಲೆ ಹಿಂದಿನಿಂದ ಬಂದು ಟ್ರಾನ್ಸಮ್ ಹತ್ತಿ ಒಳಗೆ ಬರತ್ತೆ, ಅದಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸಿ ನಿಲ್ಲಿಸಿ. ಅಲೆಗೆ ನೇರವಾಗಿ ನುಗ್ಗೋ ಬದಲು ಸ್ವಲ್ಪ ಓರೆಯಾಗಿ ಹೋಗಿ, ಮೂತಿ ಎತ್ತಿರೋ ಹಾಗೆ ಟ್ರಿಮ್ ಇಟ್ಕೊಳಿ, ಎರಡು ಅಲೆ ಮಧ್ಯದ ತಗ್ಗಲ್ಲಿ ಥ್ರಾಟಲ್ ಪೂರ್ತಿ ಬಿಟ್ರೆ ಮೂತಿ ಮುಂದಿನ ಅಲೆಗೆ ಚುಚ್ಕೊಳತ್ತೆ.

ಬ್ರೇಕ್-ಇನ್ ಮುಗಿದ್ಮೇಲೆ ಸ್ಪೀಡ್ ಲೆಕ್ಕ. ಒಂದು ಸಣ್ಣ ನೋಟ್‌ಬುಕ್ ಇಟ್ಕೊಳಿ, ಫೋನಾದ್ರೂ ಸರಿ. ಪ್ರತಿ ಸಲ ಬರೀಬೇಕಾದ್ದು ಪೆಟ್ರೋಲ್ ಎಷ್ಟಿತ್ತು, ಎಷ್ಟು ಜನ, ಲೈವ್‌ವೆಲ್ ತುಂಬಿತ್ತಾ, ಗಾಳಿ ಹೆಂಗಿತ್ತು, ಆರ್‌ಪಿಎಂ ಎಷ್ಟು, ಜಿಪಿಎಸ್ ಸ್ಪೀಡ್ ಎಷ್ಟು, ನೀರಿನ ಪ್ರೆಶರ್ ಎಷ್ಟು. ಗಾಳಿಗೆ ಎದುರು ಒಂದ್ಸಲ, ಗಾಳಿ ಜೊತೆ ಒಂದ್ಸಲ ಓಡಿಸಿ ಸರಾಸರಿ ತಗೊಳಿ. ಡ್ಯಾಶ್ ಮೇಲಿನ ಸ್ಪೀಡೋಮೀಟರ್ ನೀರಿನ ಒತ್ತಡದಿಂದ ನಡೆಯೋದಾದ್ರೆ ಅದನ್ನ ನಂಬಬೇಡಿ, ಜಿಪಿಎಸ್ ಮಾತ್ರ.

ಪ್ರಾಪ್ ಸರಿ ಇದ್ಯಾ ಅಂತ ಹೇಳೋದು ಸ್ಪೀಡ್ ಅಲ್ಲ, ಆರ್‌ಪಿಎಂ. ಪ್ರತಿ ಮೋಟರಿಗೂ ಫುಲ್ ಥ್ರಾಟಲ್‌ನಲ್ಲಿ ಎಷ್ಟರಿಂದ ಎಷ್ಟರವರೆಗೆ ತಿರುಗ್ಬೇಕು ಅಂತ ಒಂದು ಮಿತಿ ಕೊಟ್ಟಿರ್ತಾರೆ, ಕೆಲವಕ್ಕೆ 5000ದಿಂದ 6000, ಕೆಲವಕ್ಕೆ ಇನ್ನೂ ಮೇಲೆ. ನೀವು ಮಾಮೂಲಿಯಾಗಿ ಹೋಗೋ ಭಾರ ತುಂಬ್ಕೊಂಡು ಆ ಮಿತಿಯ ಮೇಲ್ಭಾಗಕ್ಕೆ ಬರ್ತಿದ್ರೆ ಪ್ರಾಪ್ ಸರಿ ಇದೆ. ಕೆಳಗೇ ನಿಂತೋದ್ರೆ ಪಿಚ್ (ಪ್ರಾಪ್ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗ್ಬೇಕು ಅನ್ನೋ ಅಳತೆ) ಜಾಸ್ತಿ ಆಯ್ತು, ಮೋಟರ್ ಏದುಸಿರು ಬಿಡ್ತಿದೆ. ಮೇಲಿನ ಮಿತಿ ಮುಟ್ಟಿ ಲಿಮಿಟರ್ ತಡೀತಿದೆ ಅಂದ್ರೆ ಪಿಚ್ ಕಮ್ಮಿ. ಒಂದು ಇಂಚು ಪಿಚ್ ಬದಲಾದ್ರೆ ಸುಮಾರು 150ರಿಂದ 200 ಆರ್‌ಪಿಎಂ ವ್ಯತ್ಯಾಸ ಬರತ್ತೆ ಅನ್ನೋದು ಎಲ್ರೂ ಬಳಸೋ ಅಂದಾಜು.

ಇನ್ನೊಂದು ಲೆಕ್ಕ ಸ್ಲಿಪ್, ಅಂದ್ರೆ ಪ್ರಾಪ್ ನೀರಲ್ಲಿ ಜಾರಿ ಕಳ್ಕೊಳೋ ವೇಗ. ಆರ್‌ಪಿಎಂನ ಪಿಚ್‌ನಿಂದ ಗುಣಿಸಿ, ಬಂದಿದ್ದನ್ನ ಗೇರ್ ರೇಶಿಯೋ (ಪ್ರಾಪ್ ಒಂದು ಸುತ್ತಿಗೆ ಮೋಟರ್ ಎಷ್ಟು ಸುತ್ತು) ಗುಣಿಸು 1056 ಇಷ್ಟರಿಂದ ಭಾಗಿಸಿದ್ರೆ ಪ್ರಾಪ್ ಒಂಚೂರೂ ಜಾರದಿದ್ರೆ ಎಷ್ಟು ಮೈಲಿ ವೇಗ ಬರ್ಬೇಕಿತ್ತು ಅಂತ ಸಿಗತ್ತೆ. ಉದಾಹರಣೆಗೆ 5800 ಆರ್‌ಪಿಎಂ, 24 ಪಿಚ್, 1.75 ರೇಶಿಯೋ ಅಂದ್ರೆ 75.3 ಮೈಲಿ. ಜಿಪಿಎಸ್‌ನಲ್ಲಿ 67 ಬಂದ್ರೆ ಸ್ಲಿಪ್ 11 ಪರ್ಸೆಂಟ್. ಪ್ಯಾಡ್ ಇರೋ ಬಾಸ್ ಬೋಟಿಗೆ ಹತ್ತರ ಆಸುಪಾಸಿದ್ರೆ ಚೆನ್ನಾಗಿದೆ, 15 ದಾಟಿದ್ರೆ ಮೋಟರ್ ಎತ್ತರ ಇಲ್ಲ ಪ್ರಾಪ್ ಇಲ್ಲ ಭಾರದ ಜೋಡಣೆ ಎಲ್ಲೋ ಸರಿ ಇಲ್ಲ.

ಜ್ಯಾಕ್ ಪ್ಲೇಟ್ (ಮೋಟರನ್ನ ಏರಿಸಿ ಇಳಿಸೋ ಪ್ಲೇಟು) ಇದ್ರೆ ಎತ್ತರ ಬದಲಾಯಿಸೋದು ಕಾಲು ಇಂಚು ಕಾಲು ಇಂಚಾಗಿ, ಪ್ರತಿ ಸಲ ಓಡಿಸಿ ಬರೆದಿಡಿ. ಮೇಲಕ್ಕೆ ಏರಿಸಿದಷ್ಟೂ ನೀರಲ್ಲಿ ಎಳೆಯೋ ಭಾಗ ಕಮ್ಮಿ, ಸ್ಪೀಡ್ ಜಾಸ್ತಿ, ಆದ್ರೆ ಒಂದು ಎತ್ತರ ದಾಟಿದ್ರೆ ಮೋಟರ್ ತಣ್ಣಗಿಡೋ ನೀರು ಒಳಗೆ ಹೋಗೋ ತೂತು ಗಾಳಿ ಎಳೆಯಕ್ಕೆ ಶುರು ಮಾಡತ್ತೆ. ನೀರಿನ ಪ್ರೆಶರ್ ಗೇಜ್ ಇಲ್ಲದೇ ಈ ಆಟ ಆಡ್ಲೇಬೇಡಿ. ಮುಳ್ಳು ದಡಕ್ಕಂತ ಇಳೀತು ಅಂದ್ರೆ ಅಲ್ಲಿಂದ ವಾಪಸ್. ಮತ್ತೆ ಒಂದು ಮಾತು, ಒಂದು ದಿನಕ್ಕೆ ಒಂದೇ ಬದಲಾವಣೆ. ಪ್ರಾಪೂ ಬದಲಾಯಿಸಿ ಎತ್ತರನೂ ಬದಲಾಯಿಸಿ ಬ್ಯಾಟರಿನೂ ಸರಿಸಿದ್ರೆ ಮೂರು ಮೈಲಿ ಜಾಸ್ತಿ ಬಂದಿದ್ದು ಯಾವುದರಿಂದ ಅಂತ ಯಾರಿಗೂ ಗೊತ್ತಾಗಲ್ಲ.

ಭಾರದ ಬಗ್ಗೆ ಜನ ತಲೆ ಕೆಡಿಸ್ಕೊಳಲ್ಲ, ನನಗಂತೂ ಇದೇ ದೊಡ್ಡ ವಿಷಯ. ಒಂದು ಲೀಟರ್ ನೀರು ಒಂದು ಕೆಜಿ, 115 ಲೀಟರ್ ಲೈವ್‌ವೆಲ್ ತುಂಬಿದ್ರೆ ಹಿಂದೆ ಇನ್ನೊಬ್ಬ ದಪ್ಪನೆ ಆಸಾಮಿ ಕೂತಂಗೆ ಆಯ್ತು. ಲೆಡ್ ಆಸಿಡ್ ಟ್ರೋಲಿಂಗ್ ಬ್ಯಾಟರಿ ಒಂದೊಂದೂ 27ರಿಂದ 30 ಕೆಜಿ ಬರತ್ತೆ, ಮೂರು ಅಂದ್ರೆ ನೀವೇ ಲೆಕ್ಕ ಹಾಕಿ, 100 ಆಂಪಿಯರ್-ಅವರ್ ಲಿಥಿಯಂ ಅದರ ಅರ್ಧಕ್ಕಿಂತ ಕಮ್ಮಿ ಇರತ್ತೆ. ಅಂಗಡಿಲಿ ಖಾಲಿ ಬೋಟು ಒಬ್ಬನೇ ಓಡಿಸಿ ತೋರಿಸಿದ ಸ್ಪೀಡು, ನೀವು ಟ್ಯಾಕಲ್ (ಗಾಳದ ಸಾಮಾನು) ಬಾಕ್ಸ್ ಎಲ್ಲ ತುಂಬಿ ಸ್ನೇಹಿತನ್ನ ಕೂರಿಸ್ಕೊಂಡು ಹೋಗೋ ಸ್ಪೀಡು ಒಂದೇ ಆಗಲ್ಲ, ಅದಕ್ಕೆ ಯಾರಿಗೂ ಬೈಬೇಡಿ. ದಡದ ಹತ್ರ ಬೋಟು ನಿಲ್ಲಿಸಿ ಹಿಂದಿನಿಂದ ನೋಡಿ, ಒಂದು ಕಡೆ ವಾಲಿದ್ರೆ ಟ್ಯಾಕಲ್ ಆ ಕಡೆಯಿಂದ ಈ ಕಡೆಗೆ ಸರಿಸಿ, ಚೈನ್ ವಾಕ್ ಅರ್ಧ ಇದರಲ್ಲೇ ಕಮ್ಮಿ ಆಗಬಹುದು.

ಕರೆಂಟಿನ ವಿಷಯ. ಲಿಥಿಯಂ ಹಾಕಿಸಿದ್ರೆ ಬೋಟಲ್ಲೇ ಇರೋ ಚಾರ್ಜರ್ ಲಿಥಿಯಂ ಪ್ರೊಫೈಲಿಗೆ ಸೆಟ್ ಆಗಿದ್ಯಾ ನೋಡ್ಲೇಬೇಕು, ಹೊಸ ಬೋಟುಗಳಲ್ಲಿ ಲೆಡ್ ಆಸಿಡ್ ಸೆಟ್ಟಿಂಗಲ್ಲೇ ಉಳಿದಿರೋ ಚಾನ್ಸ್ ಇರತ್ತೆ. ಝೀರೋ ಡಿಗ್ರಿ ಸೆಲ್ಸಿಯಸ್ ಕೆಳಗೆ ಲಿಥಿಯಂ ಚಾರ್ಜ್ ಮಾಡಬಾರದು, ಒಳ್ಳೆ ಬ್ಯಾಟರಿ ತಾನೇ ತಡೆಯತ್ತೆ. ಮೋಟರ್ ಸ್ಟಾರ್ಟ್ ಮಾಡೋ ಬ್ಯಾಟರಿನೂ ಲಿಥಿಯಂ ಮಾಡ್ಬೇಕು ಅಂದ್ರೆ ಮೋಟರ್ ಕಂಪನಿ ಅದನ್ನ ಒಪ್ಪತ್ತಾ ಅಂತ ಮೊದ್ಲು ಮ್ಯಾನ್ಯುಯಲ್ ನೋಡಿ, ವಾರಂಟಿ ಪ್ರಶ್ನೆ ಅದು.

ಫಿಶ್ ಫೈಂಡರ್ ಸ್ಕ್ರೀನಲ್ಲಿ ವೋಲ್ಟೇಜ್ ತೋರಿಸೋ ಆಯ್ಕೆ ಇರತ್ತೆ, ಅದನ್ನ ಆನ್ ಮಾಡಿಟ್ಕೊಳಿ. ಬ್ಯಾಟರಿ ಹತ್ರ ಮೀಟರ್ ಇಟ್ರೆ 12.7 ಇದೆ, ಮುಂದಿನ ಸ್ಕ್ರೀನಲ್ಲಿ 11.8 ತೋರಿಸ್ತಿದೆ ಅಂದ್ರೆ ಮಧ್ಯದಲ್ಲಿ ತಂತಿ ಸಣ್ಣದಾಯ್ತು ಇಲ್ಲ ಜೋಡಣೆ ಸರಿ ಇಲ್ಲ. ದೊಡ್ಡ ಸ್ಕ್ರೀನು, ಲೈವ್ ಸೋನಾರ್ (ನೀರೊಳಗಿನ ಮೀನನ್ನ ಆಗಿಂದಾಗ್ಲೇ ಸ್ಕ್ರೀನಲ್ಲಿ ತೋರ್ಸೋದು) ಎಲ್ಲ ಹಾಕಿದ್ರೆ ಮೋಟರ್ ಸ್ಟಾರ್ಟ್ ಮಾಡುವಾಗ ಸ್ಕ್ರೀನ್ ಆಫ್ ಆಗಿ ಮತ್ತೆ ಆನ್ ಆಗೋದು ಇದಕ್ಕೇ. ಗಾರ್ಮಿನ್ ಕಂಪನಿಯ ಲೈವ್ ಸೋನಾರ್ ಲೈವ್‌ಸ್ಕೋಪ್ 2018ರಲ್ಲಿ ಬಂದ್ಮೇಲಂತೂ ಬೋಟಿನ ಮೇಲಿನ ಕರೆಂಟ್ ಖರ್ಚು ಎಲ್ಲರದ್ದೂ ಏರಿದೆ, ಎಲೆಕ್ಟ್ರಾನಿಕ್ಸ್‌ಗೆ ಬೇರೆ ಬ್ಯಾಟರಿ, ಅಲ್ಲಿಂದ ನೇರ ದಪ್ಪ ತಂತಿ ಎಳೆಸೋದೇ ಶಾಶ್ವತ ಪರಿಹಾರ. ಆಮೇಲೆ ಒಂದ್ಸಲ ನಿಂತಿರೋ ನೀರಲ್ಲಿ ಟ್ರೋಲಿಂಗ್ ಮೋಟರನ್ನ ನಿಧಾನದಿಂದ ಜೋರಿಗೆ ತಿರುಗಿಸ್ತಾ ಸ್ಕ್ರೀನ್ ನೋಡಿ, ಉದ್ದಕ್ಕೆ ಮಳೆ ಹನಿ ಥರ ಗೆರೆ ಬಿದ್ರೆ ಅದು ಇಂಟರ್‌ಫಿಯರೆನ್ಸ್, ಟ್ರಾನ್ಸ್‌ಡ್ಯೂಸರ್ (ನೀರಿಗೆ ಶಬ್ದ ಬಿಟ್ಟು ವಾಪಸ್ ಕೇಳೋ ಭಾಗ) ತಂತಿ ಟ್ರೋಲಿಂಗ್ ಮೋಟರ್ ಪವರ್ ತಂತಿ ಜೊತೆ ಕಟ್ಟಿ ಹಾಕಿದಾರಾ ನೋಡಿ, ಬೇರೆ ಮಾಡಿದ್ರೆ ಬಹಳ ಸಲ ಹೋಗತ್ತೆ.

ಟ್ರೋಲಿಂಗ್ ಮೋಟರ್ ಕೆಳಗಿಳಿಸಿದಾಗ ಅದರ ಪ್ರಾಪ್ ನೀರಿನ ಮೇಲ್ಮಟ್ಟದಿಂದ ಸುಮಾರು ಒಂದು ಅಡಿ ಕೆಳಗಿರ್ಬೇಕು, ಇಲ್ಲಾಂದ್ರೆ ಅಲೆಲಿ ಗಾಳಿ ಎಳ್ಕೊಂಡು ಗರ್ರ್ ಅನ್ನತ್ತೆ, ಮೀನು ಓಡೋಗತ್ತೆ. ಜಿಪಿಎಸ್ ಆ್ಯಂಕರ್ (ಬೋಟನ್ನ ತಾನೇ ಒಂದೇ ಜಾಗದಲ್ಲಿ ನಿಲ್ಲಿಸೋದು) ಇದ್ರೆ ಗಾಳಿ ಇರೋ ದಿನ ಹಾಕಿ ಕೂತು ಬೋಟು ಎಷ್ಟು ಸರಿಯತ್ತೆ ನೋಡಿ, ಹಂಗೇ ಬ್ಯಾಟರಿ ಎಷ್ಟು ಹೊತ್ತು ಬರತ್ತೆ ಅಂತಾನೂ ಗೊತ್ತಾಗತ್ತೆ. ಮೌಂಟ್‌ನ ಬೋಲ್ಟು ಮೊದಲ ಅಲೆ ದಿನ ಆದ್ಮೇಲೆ ಮತ್ತೆ ಬಿಗಿ ಮಾಡಿ. ಸೀಟಿನ ಕಂಬ, ಕನ್ಸೋಲ್ ಸ್ಕ್ರೂ, ಮುಚ್ಚಳದ ಹಿಂಜ್, ಇವೂ ಅಷ್ಟೇ, ಮೊದಲ ಕೆಲವು ಸಲ ಸಡಿಲ ಆಗ್ತವೆ, ಪದೇ ಪದೇ ಬಿಚ್ಕೊಳೋದಕ್ಕೆ ನೀಲಿ ಲಾಕ್‌ಟೈಟ್ (ಸ್ಕ್ರೂ ಹಿಡಿಯೋ ಅಂಟು) ಒಂದು ಹನಿ. ಕೆಂಪು ಬೇಡ, ಆಮೇಲೆ ಬಿಚ್ಚಕ್ಕೆ ಬರಲ್ಲ.

ಲೈವ್‌ವೆಲ್ಲನ್ನ ಮೀನು ಬಿದ್ದ ದಿನ ಮೊದಲ ಸಲ ಆನ್ ಮಾಡಬೇಡಿ. ಸುಮ್ನೆ ಒಂದಿನ ತುಂಬಿಸಿ, ಟೈಮರ್‌ನಲ್ಲಿ ಬಿಡಿ, ರೀಸರ್ಕ್ಯುಲೇಟ್ ಹಾಕಿ, ಪಂಪ್-ಔಟ್ ಹಾಕಿ, ಓಡಿಸ್ಕೊಂಡು ಹೋಗಿ ನೀರು ಹಿಂದಕ್ಕೆ ಸೋರಿ ಖಾಲಿ ಆಗತ್ತಾ ನೋಡಿ. ಪಂಪ್ ಸದ್ದು ಬರ್ತಿದೆ, ನೀರು ಬರ್ತಿಲ್ಲ ಅಂದ್ರೆ ಮುಕ್ಕಾಲು ಪಾಲು ಪೈಪಲ್ಲಿ ಗಾಳಿ ಸಿಕ್ಕಾಕ್ಕೊಂಡಿರತ್ತೆ, ಪಂಪ್ ಆನ್ ಇರುವಾಗ ಒಂದ್ಸಲ ಸಣ್ಣಗೆ ರಿವರ್ಸ್ ಕೊಟ್ರೆ ಹಿಂದಿನ ನೀರಿನ ತಳ್ಳಾಟಕ್ಕೆ ಗಾಳಿ ಹೊರಗೋಗಿ ಬುಳುಬುಳು ಅಂತ ನೀರು ಬರತ್ತೆ. ನಮ್ಮಲ್ಲಿ ಸ್ನೇಹಿತರಿಗೆ ಇದು ತೋರಿಸಿದ್ರೆ ಏನೋ ಮ್ಯಾಜಿಕ್ ಅನ್ನೋ ಥರ ನೋಡ್ತಾರೆ.

ರಾಡ್ ಲಾಕರ್‌ಗೆ ನೀರು ಸೋರತ್ತಾ ಅಂತ ಮನೇಲೇ ಪೈಪ್ ಹಿಡಿದು ನೋಡಬಹುದು, ಒಳಗೆ ಒಣ ಪೇಪರ್ ಹಾಸಿ ಮುಚ್ಚಳ ಮುಚ್ಚಿ ಮೇಲಿಂದ ನೀರು ಬಿಡಿ, ಪೇಪರಿನ ಯಾವ ಜಾಗ ಒದ್ದೆ ಆಯ್ತೋ ಅಲ್ಲಿ ಸೀಲ್ ಕೂತಿಲ್ಲ. ಓಡಿಸಿ ಬಂದ ಸಂಜೆ ಎಲ್ಲಾ ಮುಚ್ಚಳ ತೆಗೆದಿಟ್ಟು ಗಾಳಿ ಆಡಕ್ಕೆ ಬಿಡಿ, ಒದ್ದೆ ಕಾರ್ಪೆಟ್ ಮುಚ್ಚಿಟ್ರೆ ಎರಡೇ ದಿನಕ್ಕೆ ವಾಸನೆ ಶುರು, ರೀಲು ತುಕ್ಕು ಹಿಡಿಯತ್ತೆ, ಕೊಕ್ಕೆಗಳ ಕಥೆ ಕೇಳ್ಲೇಬೇಡಿ. ಜೆಲ್‌ಕೋಟ್ (ಬೋಟಿನ ಹೊರಗಿನ ಹೊಳಪು ಪದರ) ಮೇಲಿನ ನೀರು ಬಿಸಿಲಿಗೆ ಒಣಗಕ್ಕೆ ಮುಂಚೆ ಮೈಕ್ರೋಫೈಬರ್ ಬಟ್ಟೆಲಿ ಒರೆಸಿ, ಗಟ್ಟಿ ನೀರಿನ ಕಲೆ ಒಂದ್ಸಲ ಕೂತ್ರೆ ಗಾಢ ಬಣ್ಣದ ಬೋಟಲ್ಲಿ ಎದ್ದು ಕಾಣತ್ತೆ. ಚಳಿ ಜಾಗದವರು ಮೋಟರನ್ನ ನೆಟ್ಟಗೆ ಕೆಳಗೆ ಇಳಿಸಿ ಒಳಗಿನ ನೀರು ಪೂರ್ತಿ ಇಳಿಯಕ್ಕೆ ಬಿಡಿ, ನಿಂತ ನೀರು ಹೆಪ್ಪುಗಟ್ಟಿದ್ರೆ ಲೋಹನೇ ಸೀಳತ್ತೆ.

ಪೆಟ್ರೋಲ್ ಗೇಜನ್ನ ಮೊದಲ ಕೆಲವು ಸಲ ನಂಬಬೇಡಿ. ಮೋಟರ್ ಜೊತೆ ಬರೋ ಡಿಜಿಟಲ್ ಗೇಜು ಎಷ್ಟು ಸುಟ್ಟೆ ಅಂತ ಲೆಕ್ಕ ಕೊಡತ್ತಲ್ಲ, ಅದನ್ನ ನೀವು ಮತ್ತೆ ತುಂಬಿಸಿದ ಲೆಕ್ಕಕ್ಕೆ ಹೋಲಿಸಿ ನೋಡಿ, ಎರಡ್ಮೂರು ಸಲದಲ್ಲಿ ಎಷ್ಟು ತಪ್ಪು ಹೇಳತ್ತೆ ಗೊತ್ತಾಗತ್ತೆ. ಮೂರನೇ ಒಂದು ಭಾಗ ಹೋಗಕ್ಕೆ, ಒಂದು ಭಾಗ ಬರಕ್ಕೆ, ಒಂದು ಭಾಗ ಕೈಯಲ್ಲಿ. ಎಥನಾಲ್ 10 ಪರ್ಸೆಂಟ್ ಮೀರಿದ ಪೆಟ್ರೋಲ್ ಹೆಚ್ಚಿನ ಔಟ್‌ಬೋರ್ಡಿಗೆ ಆಗಲ್ಲ, ಪೆಟ್ರೋಲ್ ಬಂಕಲ್ಲಿ ಬೋರ್ಡ್ ನೋಡಿ ಹಾಕಿಸಿ.

20 ಗಂಟೆಗೆ ಮೊದಲ ಸರ್ವಿಸ್ ಮಾಡಿಸಿ ಅನ್ನೋ ಕಂಪನಿಗಳಿವೆ, ಕೆಲವರು 100 ಗಂಟೆ ಅಂತಾರೆ, ನಾನಂತೂ ಯಾವ ಮೋಟರ್ ಆದ್ರೂ 20ಕ್ಕೇ ಎಣ್ಣೆ ಮತ್ತೆ ಗೇರ್ ಲ್ಯೂಬ್ ಬದಲಾಯಿಸಿ ಅಂತೀನಿ. ಸರ್ವಿಸ್‌ನಲ್ಲಿ ನೀವೂ ಪಕ್ಕದಲ್ಲಿ ನಿಂತ್ಕೊಳಿ. ಗೇರ್ ಕೇಸ್‌ನ ಡ್ರೈನ್ ಸ್ಕ್ರೂಗೆ ತುದೀಲಿ ಮ್ಯಾಗ್ನೆಟ್ ಇರತ್ತೆ, ಅದರ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ರೆ ಹೊಸ ಗೇರ್ ಸವೆದು ಕೂತಿರೋ ಗುರುತು, ಬೆರಳಿಗೆ ಚುಚ್ಚೋ ಚೂರು ಸಿಕ್ರೆ ಮಾತ್ರ ಅಲ್ಲೇ ನಿಲ್ಲಿಸಿ ಕೇಳಿ. ಲ್ಯೂಬ್ ಹಾಲಿನ ಥರ ಬಂದ್ರೆ ಸೀಲಿಂದ ನೀರು ಹೋಗಿದೆ, ಪ್ರೆಶರ್ ಟೆಸ್ಟ್ ಮಾಡಿಸಿ. ಪ್ರಾಪ್ ಹೇಗೂ ಬಿಚ್ಚಿರ್ತಾರೆ, ಶಾಫ್ಟಿಗೆ ಗಾಳದ ದಾರ ಸುತ್ಕೊಂಡಿದ್ಯಾ ನೋಡಿ, ಸೀಲ್ ಹಾಳು ಮಾಡೋದು ಅದೇ. ನೋಟ್‌ಬುಕ್ಕಲ್ಲಿ ಬರೆದಿಟ್ಟ ಸಣ್ಣ ಪುಟ್ಟ ತಕರಾರೆಲ್ಲ ಆವತ್ತೇ ಒಂದೇ ಪಟ್ಟಿ ಮಾಡಿ ಕೊಡಿ, ಬಾಯಲ್ಲಿ ಹೇಳಿದ್ದು ಅರ್ಧ ಮರ್ತೋಗತ್ತೆ, ಅವರೂ ನೀವೂ.

ಎರಡನೇ ಪ್ರಾಪ್ ತಗೋಬೇಕು ಅಂತಿದ್ರೆ ಇದೆಲ್ಲ ಆದ್ಮೇಲೆ ತಗೊಳಿ. ಹೊಸದು ಕೊಳ್ಳಕ್ಕೆ ಮುಂಚೆ ಯಾರತ್ರನಾದ್ರೂ ಒಂದಿನಕ್ಕೆ ಕೇಳಿ ತಗೊಂಡು ಅದೇ ಭಾರ ಅದೇ ಪೆಟ್ರೋಲಲ್ಲಿ ಓಡಿಸಿ ನೋಡಿ, ಬ್ಲೇಡ್ ಆಕಾರ ಬೇರೆ ಇದ್ರೆ ಅದೇ ಪಿಚ್ಚಲ್ಲೂ ಬೇರೆ ಆರ್‌ಪಿಎಂ ಬರತ್ತೆ. ಹಳೇದನ್ನ ಮಾರಬೇಡಿ, ನಟ್ಟು ವಾಷರ್ ಸಮೇತ ರೆಂಚ್ ಜೊತೆ ಬೋಟಲ್ಲೇ ಇಟ್ಟಿರಿ, ಕಲ್ಲಿಗೆ ಹೊಡೆದ ದಿನ ದಡ ಸೇರ್ಸೋದು ಅದೇ.